ಸೊಪ್ಪು ಕೊಳೆಯುವ ಕಡಲ ತೀರದಲ್ಲಿ

ಹೊರಟಿದ್ದು

ನನಗೆ ಪ್ರಯಾಣವೆಂದರೆ ಮೊದಲಿನಿಂದಲೂ ದಿಗಿಲು. ಚಿತ್ರದುರ್ಗದಿಂದ ಹಿರಿಯೂರಿಗೆ ಬಸ್ಸು ಹತ್ತಿದರೂ, ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಐಮಂಗಲ ದಾಟುವವರೆಗೆ ತಲೆ ಕೆಡಿಸಿಕೊಳ್ಳುವವಳು. ಅಂಥ ನಾನು ಇಬ್ಬರು ಕುರಿಗಾಹಿಗಳನ್ನು ಕರೆದುಕೊಂಡು ಫ್ರಾನ್ಸಿಗೆ ಹೋಗಿಬಂದೆ. ಕರೆದುಕೊಂಡು ಹೋದವಳು ನಾನೋ, ಅವರೇ ನನ್ನನ್ನು ಕರೆದುಕೊಂಡು ಹೋದರೋ, ಈಗಲೂ ಖಚಿತವಾಗಿ ಹೇಳಲಾರೆ.

ಆದದ್ದಿಷ್ಟು. ಕುರಿ ಸಾಕುವವರ ಕೂಟವೊಂದು ಫ್ರಾನ್ಸಿನಲ್ಲಿ ನಡೆಯುವುದಿತ್ತು. ಬೇರೆ ಬೇರೆ ದೇಶಗಳ ಜೊತೆಗೆ ನಮ್ಮ ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೂ ಕರೆ ಬಂತು. ಕರೆ ಬಂದದ್ದು ಈರಣ್ಣ ಮತ್ತು ಅವರ ಹೆಂಡತಿ ಕರಿಯಮ್ಮನಿಗೆ. ಇಬ್ಬರೂ ಅರವತ್ತರ ಆಸುಪಾಸಿನವರು, ಬುದ್ಧಿ ಬಂದಾಗಿನಿಂದ ಹಿಂಡಿನ ಹಿಂದೆಯೇ ನಡೆದವರು. ಕನ್ನಡ ಬಿಟ್ಟರೆ ಒಂದಿಷ್ಟು ತೆಲುಗು ಬಲ್ಲರು. ಅವರ ಮಾತನ್ನು ಇಂಗ್ಲಿಷಿಗೆ ದಾಟಿಸಲು ಒಬ್ಬರು ಬೇಕಾದಾಗ, ದುರ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾಗಿದ್ದ ನನ್ನ ಹೆಸರನ್ನು ಯಾರೋ ಹೇಳಿಬಿಟ್ಟರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕರಿಯಮ್ಮನ ಚೀಲ ತಡೆದು ನಿಲ್ಲಿಸಿದರು. ಒಳಗೆ ಹುರಿಗಡಲೆ ಚಟ್ನಿಪುಡಿ, ಬೆಲ್ಲ, ಒಂದು ದೊಡ್ಡ ಗಂಟು ರಾಗಿಹಿಟ್ಟು. ಕೈಗವಸು ತೊಟ್ಟ ಹುಡುಗಿ ಹಿಟ್ಟಿನ ಗಂಟು ಹಿಸುಕಿ ನೋಡುತ್ತಿದ್ದಾಗ ಕರಿಯಮ್ಮ, "ಮೂಸಿ ನೋಡವ್ವ, ಮೊನ್ನೆ ಬೀಸಿದ್ದು," ಎಂದರು. ಹುಡುಗಿ ನಿಜವಾಗಿಯೂ ಮೂಸಿದಳು. ನಕ್ಕು ಬಿಟ್ಟುಕಳಿಸಿದಳು. ನನಗೆ ಮಾತ್ರ ವಿಮಾನ ಏರಿ ಬಾಗಿಲು ಮುಚ್ಚುವವರೆಗೂ ಯಾರೋ ಹಿಂದಿನಿಂದ ಬಂದು ನಮ್ಮನ್ನು ಇಳಿಸುತ್ತಾರೆಂಬ ಭಯ.

ಬೆಟ್ಟದ ಊರು

ಕೂಟ ನಡೆದದ್ದು ಸಮುದ್ರದಿಂದ ದೂರ, ಬೆಟ್ಟಗಳ ನಡುವೆ. ನಮ್ಮ ದುರ್ಗದ ಜೋಗಿಮಟ್ಟಿ ಬೆಟ್ಟವನ್ನು ಮಳೆಗಾಲ ಮುಗಿದ ಮೇಲೆ ನೋಡಿದವರಿಗೆ ಆ ಹಸಿರು ಹೊಸದೇನಲ್ಲ. ಅಲ್ಲಿಯದು ಸ್ವಲ್ಪ ಹೆಚ್ಚು ಬಾಚಿದಂತೆ, ಓರಣವಾಗಿತ್ತು. ಸ್ಪೇನಿನವರು, ಮಂಗೋಲಿಯದವರು, ಕೀನ್ಯದವರು ಎಲ್ಲ ಸೇರಿದ್ದರು. ಯಾರ ಮಾತು ಯಾರಿಗೂ ತಿಳಿಯದಿದ್ದರೂ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವ ರೀತಿ ಎಲ್ಲರದೂ ಒಂದೇ ಆಗಿತ್ತು. 

ಈರಣ್ಣನಿಗೆ ಅಲ್ಲಿ ಕಷ್ಟವಾದದ್ದು ಒಂದೇ ವಿಷಯ. ಆ ಜನ ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಮೊದಲ ದಿನ ಒಬ್ಬ ಹೆಂಗಸು ಹತ್ತಿರ ಬಂದಾಗ ಈರಣ್ಣ ಹಿಂದೆ ಸರಿದು ಸರಿದು ಬೇಲಿಗೆ ಬೆನ್ನು ಕೊಟ್ಟು ನಿಂತರು. ಕರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರುದಿನದಿಂದ ಈರಣ್ಣ ದೂರದಿಂದಲೇ ಎರಡೂ ಕೈ ಎತ್ತಿ ಗಟ್ಟಿಯಾಗಿ "ನಮಸ್ಕಾರ್ರಿ!" ಎನ್ನತೊಡಗಿದರು. ಕೂಟ ಮುಗಿಯುವ ಹೊತ್ತಿಗೆ ಮಂಗೋಲಿಯದವರೂ "ನಮಸ್ಕಾರ್ರಿ" ಅನ್ನುತ್ತಿದ್ದರು.

ಕೂಟದ ನಂತರ ಬಂದವರನ್ನೆಲ್ಲ ಕೆಲವು ದಿನಗಳ ಮಟ್ಟಿಗೆ ರೈತರ ಮನೆಗಳಿಗೆ ಹಂಚಿದರು. ನಮಗೆ ಸಿಕ್ಕಿದ್ದು ಬ್ರಿಟನಿ. ಫ್ರಾನ್ಸಿನ ಪಶ್ಚಿಮಕ್ಕೆ, ಕಡಲಿಗೆ ಚಾಚಿಕೊಂಡ ಸೀಮೆ. ಈರಣ್ಣ, ಕರಿಯಮ್ಮ ಇಬ್ಬರೂ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ.

ಈವೊನ್ ಅವರ ಮನೆ

ರೈಲಿಳಿದಾಗ ನಮ್ಮನ್ನು ಕಾಯುತ್ತಿದ್ದವನು ಲೋಯಿಕ್. ನಲವತ್ತು ದಾಟಿದ, ಭಾರಿ ಭುಜದ, ಕಡಿಮೆ ಮಾತಿನ ಮನುಷ್ಯ. ಇಂಗ್ಲಿಷ್ ನಿಧಾನವಾಗಿ, ತಪ್ಪಿಲ್ಲದೆ ಆಡುತ್ತಿದ್ದ. ತಾಯಿ ಈವೊನ್, ಮಗ ಇಬ್ಬರದೇ ಮನೆ. ಕಲ್ಲಿನ ಗೋಡೆ, ನೀಲಿ ಕಿಟಕಿ, ಹಿಂದೆ ಉದ್ದನೆಯ ತಗಡಿನ ಕಟ್ಟಡಗಳು. ಅದರೊಳಗೆ ಏನಿದೆ ಎಂದು ಕೇಳಬೇಕಾಗಲಿಲ್ಲ, ಗಾಳಿಯೇ ಹೇಳಿತು.

"ಹಂದಿ," ಎಂದರು ಈರಣ್ಣ, ಮೂಗಿನ ಹೊಳ್ಳೆ ಅರಳಿಸಿ. "ಬಾಳ ಅವೆ."

ಕುರಿಯವರ ಮನೆಗೆ ಕಳಿಸುತ್ತಾರೆಂದು ನಾವು ಎಣಿಸಿದ್ದೆವು. ನಾವು ಕುರಿಗಾಹಿಗಳೆಂದು ಅವರಿಗೆ ಹೇಳಿದ್ದರು, ಅವರು ಹಂದಿಯವರೆಂದು ನಮಗೆ ಹೇಳಿರಲಿಲ್ಲ. ಈ ದಂಪತಿ ಹಂದಿ ಮಾಂಸ ಮುಟ್ಟುವುದಿಲ್ಲ. ಊಟದ ಮೇಜಿನ ಮೇಲೆ ಈವೊನ್ ಬಹಳ ಪ್ರೀತಿಯಿಂದ ತಂದಿಟ್ಟದ್ದು ಹಂದಿ ಮಾಂಸದ್ದೇ ದೊಡ್ಡ ಪರಾತ. ನಾನು ಹೇಗೋ ತಡವರಿಸಿ ಹೇಳಿದೆ. ಆಕೆಯ ಮುಖ ಸಣ್ಣದಾಯಿತು, ಮರುಕ್ಷಣವೇ ಎದ್ದು ಒಲೆ ಹಚ್ಚಿ ಕಪ್ಪು ಹಿಟ್ಟಿನ ಅಗಲವಾದ ದೋಸೆ ಹುಯ್ದರು. ಮೇಲೆ ಉಪ್ಪಿನ ಬೆಣ್ಣೆ.

ಕರಿಯಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟು ನನ್ನ ಕಡೆ ತಿರುಗಿದರು. "ಮೇಡಮ್ಮೋರೆ, ಇದು ನಮ್ ಮನೆ ರೊಟ್ಟಿ ಕಂಡಂಗೇ ಐತೆ! ಕೇಳ್ರಿ, ಯಾವ ಕಾಳು?" ಅದು ರಾಗಿಯಲ್ಲ, ಅವರ ಸೀಮೆಯದೇ ಬೇರೆ ಕಾಳು. ಮರುದಿನ ಕರಿಯಮ್ಮ ತಮ್ಮ ಗಂಟು ಬಿಚ್ಚಿ ಅದೇ ಒಲೆಯ ಮೇಲೆ ರಾಗಿ ರೊಟ್ಟಿ ತಟ್ಟಿದರು. ಈವೊನ್ ಪಕ್ಕದಲ್ಲಿ ನಿಂತು ಕೈ ಸುಟ್ಟುಕೊಂಡು ಕಲಿತರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನನ್ನನ್ನು ಕರೆಯುವುದನ್ನೂ ಬಿಟ್ಟರು.

ಆ ಮನೆಯಲ್ಲಿ ಎಲ್ಲವೂ ಸುಖವಾಗಿತ್ತು, ಒಂದನ್ನು ಬಿಟ್ಟು. ಸಮುದ್ರ ಕೂಗಳತೆಯಲ್ಲಿತ್ತು, ಆದರೂ ಅದರ ಕಡೆಯ ಕಿಟಕಿಗಳನ್ನು ಜೂನ್ ತಿಂಗಳ ಬಿಸಿಲಿನಲ್ಲೂ ಅವರು ತೆರೆಯುತ್ತಿರಲಿಲ್ಲ. ನಾವು ಸಮುದ್ರ ತೋರಿಸಿ ಎಂದಾಗಲೆಲ್ಲ ಲೋಯಿಕ್ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ದೂರದ ಬೇರೊಂದು ತೀರಕ್ಕೆ ಕರೆದೊಯ್ಯುತ್ತಿದ್ದ. ಮೊದಲ ಸಲ ಕಡಲು ಕಂಡಾಗ ಈರಣ್ಣ, "ನಮ್ ಮಾರಿಕಣಿವೆ ಡ್ಯಾಮು ಎಷ್ಟು ದೊಡ್ಡದು ಅನ್ಕಂಡಿದ್ದೆ," ಎಂದಷ್ಟೇ ಹೇಳಿದರು.

ನಾನು ಒಮ್ಮೆ ಕೇಳಿಯೇಬಿಟ್ಟೆ. "ನಿಮ್ಮ ಮನೆಯ ಕೆಳಗಿನ ಕೊಲ್ಲಿಗೆ ಯಾಕೆ ಹೋಗುವುದಿಲ್ಲ?"

ಲೋಯಿಕ್ ತಾಯಿಯ ಮುಖ ನೋಡಿದ. "ಅಲ್ಲಿ ಸಮುದ್ರದ ಸೊಪ್ಪು ಬಂದು ಬೀಳುತ್ತದೆ. ಕೊಳೆತು ನಾರುತ್ತದೆ. ಚೆನ್ನಾಗಿರುವುದಿಲ್ಲ."

ನಾನು ಅಷ್ಟನ್ನೇ ಕನ್ನಡಕ್ಕೆ ತಿರುಗಿಸಿದೆ. "ನಾತ ಅಂತೆ, ಆ ಕಡೆ ಬೇಡವಂತೆ." ಈರಣ್ಣ ನಕ್ಕರು. ಕುರಿ ದೊಡ್ಡಿಯಲ್ಲಿ ಹುಟ್ಟಿ ಬೆಳೆದವರಿಗೆ ನಾತ ಎಂದು ಹೇಳಿ ಯಾರು ಹೆದರಿಸಿಯಾರು?

ಕೊಲ್ಲಿ

ಹೊರಡುವ ದಿನ ಹತ್ತಿರ ಬಂದಿತ್ತು. ಕೊಲ್ಲಿಯ ಆಚೆ ಬದಿಯಲ್ಲಿ ಉಪ್ಪು ಹುಲ್ಲಿನ ಬಯಲೊಂದಿದೆ, ಅಲ್ಲಿ ಕುರಿ ಮೇಯುತ್ತವೆ ಎಂದು ಲೋಯಿಕ್ ಬಾಯ್ತಪ್ಪಿ ಹೇಳಿದ್ದೇ ತಡ, ಈರಣ್ಣ ಮಗುವಿನಂತೆ ಹಟ ಹಿಡಿದರು. "ಉಪ್ಪಿನ ಹುಲ್ಲು ಮೇಯೋ ಕುರಿ ನೋಡ್ದೆ ಹೆಂಗೆ ಹೋಗಾಣ?" ಕೊನೆಗೆ ಊಟವಾದ ಮೇಲೆ ಲೋಯಿಕ್ ತನ್ನ ಪಿಕಪ್ ಗಾಡಿಯಲ್ಲಿ ಕರೆದೊಯ್ದ. ಮೇಲಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಈ ಕಲ್ಲುಗೋಡೆಯ ಗುಂಟ ನಡೆಯಿರಿ, ಕೆಳಗೆ ಮಾತ್ರ ಇಳಿಯಬೇಡಿ ಎಂದು ಹೇಳಿ, ಬಂದ ಫೋನಿಗೆ ಉತ್ತರಿಸುತ್ತ ಅಲ್ಲೇ ಉಳಿದ.

ಇಳಿತದ ಹೊತ್ತು. ಸಮುದ್ರ ಎದ್ದು ಎಲ್ಲಿಗೋ ಹೋದಂತೆ ಕೊಲ್ಲಿ ಬರಿದಾಗಿತ್ತು. ಬರಿದಾದ ನೆಲದ ತುಂಬ ಹಸಿರು. ಭತ್ತದ ಗದ್ದೆ ನೋಡಿದ ಹಾಗೆ, ಅಷ್ಟು ಎಳೆ ಹಸಿರು. ದೂರದಲ್ಲಿ ಯಂತ್ರವೊಂದು ಆ ಸೊಪ್ಪನ್ನು ಬಾಚಿ ಬಾಚಿ ಲಾರಿಗೆ ತುಂಬುತ್ತಿತ್ತು. ನಮ್ಮ ಬಳಿ, ಸಣ್ಣ ಹೊಳೆಯೊಂದು ಬಂದು ಕೊಲ್ಲಿಗೆ ಸೇರುವ ಬಾಯಲ್ಲಿ, ಯಂತ್ರ ಬರಲಾಗದ ಮೂಲೆಯಲ್ಲಿ, ಸೊಪ್ಪು ಮೊಣಕಾಲೆತ್ತರ ಬಿದ್ದು ಒಣಗಿ ಮೇಲೆ ಹಪ್ಪಳದಂಥ ಬಿಳಿ ಪದರ ಕಟ್ಟಿತ್ತು. ಕೊಳೆತ ಮೊಟ್ಟೆಯ ವಾಸನೆ ಗಂಟಲಿಗೆ ಹತ್ತುತ್ತಿತ್ತು.

"ಇಷ್ಟು ಹಸ್ರು ಐತೆ, ಒಂದು ಹಕ್ಕಿನೂ ಇಲ್ವಲ್ಲ," ಎಂದರು ಕರಿಯಮ್ಮ.

ನನ್ನ ಚಪ್ಪಲಿಯ ಬಾರು ಕಿತ್ತಿತ್ತು. ಗೋಡೆಯ ಮೇಲೆ ಕೂತು ಪಿನ್ನು ಹುಡುಕುತ್ತಿದ್ದೆ. ಆಗ ಮರಿಯ ಕೂಗು ಕೇಳಿತು. ಆಚೆ ಬಯಲಿನ ಹಿಂಡಿನಿಂದ ತಪ್ಪಿಸಿಕೊಂಡು ಬಂದ ಕುರಿಮರಿ, ಕಪ್ಪು ಮುಖದ್ದು, ಆ ಬಿಳಿ ಹಪ್ಪಳದ ನಡುವೆ ಕಾಲು ಹೂತು ಒದ್ದಾಡುತ್ತಿತ್ತು. ನಾನು ತಲೆಯೆತ್ತುವುದರೊಳಗೆ ಈರಣ್ಣ ಗೋಡೆ ದಾಟಿ ಇಳಿದಿದ್ದರು.

"ಈರಣ್ಣಾ, ಬೇಡ ಅಂದಿದಾರೆ!" ಎಂದೆ.

"ನಾತ ತಾನೆ ಮೇಡಮ್ಮೋರೆ, ಈಗ ಬಂದೆ."

ಅವರು ಕಾಲಿಟ್ಟಲ್ಲೆಲ್ಲ ಆ ಹಪ್ಪಳ ಒಡೆದು ಒಳಗಿನಿಂದ ಕಪ್ಪು ರಾಡಿ ಉಕ್ಕಿತು. ಮರಿಯ ಹತ್ತಿರ ಹೋಗಿ ಮಂಡಿಯೂರಿದರು. ಅದರ ಹೊಟ್ಟೆಯ ಕೆಳಗೆ ಕೈ ಹಾಕಿದರು. ಮರಿ ಕೂಗುವುದನ್ನು ನಿಲ್ಲಿಸಿತು. ಈರಣ್ಣ ಏಳಲಿಲ್ಲ.

ಹಗ್ಗ ತಪ್ಪಿದ ಚೀಲ ಕುಸಿಯುವ ಹಾಗೆ ಅವರ ಬೆನ್ನು ಬಾಗಿತು.

ಗಂಡನ ಹೆಸರನ್ನು ಕರಿಯಮ್ಮ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪಾಸ್‌ಪೋರ್ಟಿನವರು ಕೇಳಿದಾಗಲೂ ನನ್ನ ಕಡೆ ಕೈ ತೋರಿಸಿದ್ದರು. ಈಗ ಕೊಲ್ಲಿ ಒಡೆದುಹೋಗುವಂತೆ, "ಈರಣ್ಣಾ! ಮರಿ ಬಿಡು! ಎದ್ ಬಾ ಈರಣ್ಣಾ!" ಎಂದು ಕೂಗಿದರು. ಕೂಗುತ್ತಲೇ ಗೋಡೆ ಹತ್ತಿದರು. ನಾನೂ ಹಿಂದೆಯೇ ಎದ್ದೆ.

ಹಿಂದಿನಿಂದ ಎರಡು ಕೈಗಳು ನಮ್ಮಿಬ್ಬರನ್ನೂ ಎಳೆದು ಕೆಳಕ್ಕೆ ಕೆಡವಿದವು. ಲೋಯಿಕ್. ಮುಖ ಸುಣ್ಣ ಬಳಿದಂತಾಗಿತ್ತು. ಗಾಡಿಯಿಂದ ಹಗ್ಗ ತಂದಿದ್ದ. ಅದನ್ನು ಸೊಂಟಕ್ಕೆ ಬಿಗಿಯುತ್ತ ಹೇಳಿದ: "ಅದು ವಿಷದ ಗಾಳಿ. ನೆಲಕ್ಕಂಟಿ ಮಲಗಿರುತ್ತದೆ. ನಾನು ಉಸಿರು ಹಿಡಿದು ಹೋಗುತ್ತೇನೆ. ನಾನು ಬಿದ್ದರೆ ಎಳೆಯಿರಿ. ಏನೇ ಆದರೂ ಒಳಗೆ ಬರಬೇಡಿ."

ಕರಿಯಮ್ಮನಿಗೆ ನಾನು ಅದನ್ನು ಹೇಗೆ ಹೇಳಿದೆನೋ ನೆನಪಿಲ್ಲ. ಆಕೆ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಗೋಡೆಗೆ ಕಾಲು ಕೊಟ್ಟು ಕೂತದ್ದು ನೆನಪಿದೆ. ಲೋಯಿಕ್ ಗಾಳಿ ಬೀಸುವ ಕಡೆಯಿಂದ ಸುತ್ತಿಕೊಂಡು ಹೋದ. ಈರಣ್ಣನ ತೋಳುಗಳ ಕೆಳಗೆ ಕೈ ಹಾಕಿ ಹಿಂದಕ್ಕೆ ಎಳೆಯತೊಡಗಿದ. ಅರ್ಧ ದಾರಿಯಲ್ಲಿ ಅವನ ಬಾಯಿ ತೆರೆಯಿತು. ಉಸಿರು ತೆಗೆದುಕೊಂಡನೆಂದು ನನಗೆ ಗೊತ್ತಾಯಿತು, ಅವನ ಮಂಡಿ ಮಡಚಿತು.

"ಎಳೀರಿ ಮೇಡಮ್ಮೋರೆ! ಎಳೀರಿ!"

ಎಳೆದೆವು. ಅಂಗೈ ಕಿತ್ತುಬಂತು. ಲೋಯಿಕ್ ಈರಣ್ಣನನ್ನು ಬಿಡಲಿಲ್ಲ, ನಾವು ಹಗ್ಗ ಬಿಡಲಿಲ್ಲ. ಕಪ್ಪು ರಾಡಿಯಲ್ಲಿ ಇಬ್ಬರೂ ಜಾರುತ್ತ ಜಾರುತ್ತ ಗಟ್ಟಿ ಮರಳಿಗೆ ಬಂದರು. ಕುರಿಮರಿ ಅಲ್ಲೇ ಉಳಿಯಿತು.

ಲೋಯಿಕ್ ಕೆಮ್ಮುತ್ತಲೇ ಎದ್ದು ಈರಣ್ಣನನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ರಸ್ತೆಗೆ ಹತ್ತಿದ. ಗಾಡಿಯ ಪಕ್ಕ ಮಲಗಿಸಿ, ಆಂಬ್ಯುಲೆನ್ಸಿಗೆ ಫೋನು ಮಾಡಿ, ಅಲ್ಲೇ ತಾನೂ ಕುಸಿದ.

ಆಸ್ಪತ್ರೆ

ಹತ್ತಿರದ ಪಟ್ಟಣದ ಆಸ್ಪತ್ರೆಗೆ ಇಬ್ಬರನ್ನೂ ಒಯ್ದರು. ಇಬ್ಬರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಿ ಒಳಗೆ ತಳ್ಳಿಕೊಂಡು ಹೋದರು. ಪಕ್ಕದ ಮನೆಯವರ ಕಾರಿನಲ್ಲಿ ಈವೊನ್ ಬಂದರು. ಬಂದವರೇ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದರು. ಆಕೆಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೆ. ಆದರೂ ಹೇಳಿದ್ದು ಅರ್ಥವಾಯಿತು.

"ವಯಸ್ಸಾದವರು, ಬಿಸಿಲು, ತಲೆ ತಿರುಗಿತು. ಹಾಗೆ ಹೇಳಿ. ಸೊಪ್ಪು ಎನ್ನಬೇಡಿ. ದಯವಿಟ್ಟು. ನಾವು ಇಲ್ಲಿ ಬದುಕಬೇಕು."

ಆಕೆ ನನ್ನ ಕೈ ಹಿಡಿದುಕೊಂಡಿದ್ದರು. ಆ ಕೈ ನಮಗೆ ಇಷ್ಟು ದಿನ ಬಡಿಸಿದ ಕೈ. ಅಷ್ಟರಲ್ಲಿ ಬಾಗಿಲು ತೆರೆದು ವೈದ್ಯೆಯೊಬ್ಬಳು ಬಂದಳು. ಚಿಕ್ಕ ವಯಸ್ಸಿನವಳು, ಬೇರೆ ಊರಿನವಳು, ಒಳ್ಳೆಯ ಇಂಗ್ಲಿಷ್. ಏನಾಯಿತು, ಎಲ್ಲಿ ಬಿದ್ದರು, ಬೀಳುವ ಮುಂಚೆ ಏನು ಮಾಡುತ್ತಿದ್ದರು ಎಂದು ಕೇಳಿದಳು. ಲೋಯಿಕ್ ಮಾತಾಡುವ ಸ್ಥಿತಿಯಲ್ಲಿ ಇಲ್ಲ, ಈರಣ್ಣ ಎಚ್ಚರವಾಗಿಲ್ಲ. ಗೊತ್ತಿರುವವರು ನಾನು, ಕರಿಯಮ್ಮ. ಕರಿಯಮ್ಮನ ಬಾಯಿಯೂ ನಾನೇ.

ಕರಿಯಮ್ಮ ಬೆಂಚಿನಿಂದ ಎದ್ದು ಬಂದರು. "ಯಾಕ್ರಿ ಸುಮ್ನೆ ನಿಂತ್ರಿ? ಆ ಅವ್ವ ಏನಂದ್ಲು?"

ವೈದ್ಯೆ ಕೇಳಿದ್ದನ್ನೂ ಈವೊನ್ ಬೇಡಿಕೊಂಡದ್ದನ್ನೂ ಹೇಳಿದೆ. ಕರಿಯಮ್ಮ ಈವೊನ್ ಅವರನ್ನು ಒಂದು ಸಲ ನೋಡಿದರು. ಸಿಟ್ಟಿನಿಂದಲ್ಲ.

"ಅವ್ರ ಮನೆ ಉಪ್ಪು ಉಂಡೀವಿ, ಇಲ್ಲ ಅನ್ನಲ್ಲ. ಆದ್ರೆ ಅವ್ಳ ಮಗನೂ ಒಳಗೆ ಮಲಗ್ಯಾನಲ್ರಿ. ಈಯಪ್ಪನ್ನ ಎತ್ಕಂಡು ಬಂದೋನು. ಸುಳ್ಳು ಹೇಳಿ, ಅವ್ರು ಬ್ಯಾರೆ ಔಷಧಿ ಕೊಟ್ರೆ ಏನ್ ಗತಿ? ಇದ್ದದ್ದು ಹೇಳ್ರಿ. ಅವ್ಳಿಗೂ ಹಂಗೇ ಹೇಳ್ರಿ, ನಿನ್ ಮಗನ ಸಲ್ವಾಗೂ ಹೇಳ್ತಿದೀವಿ ಅಂತ."

ನಾನು ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಹೊಳೆಯ ಬಾಯಿ, ಬಿಳಿ ಹಪ್ಪಳ, ಒಡೆದದ್ದು, ಮಂಡಿಯೂರಿದ್ದು. ಅವಳು ಪೂರ್ತಿ ಕೇಳಲು ನಿಲ್ಲದೆ ಒಳಕ್ಕೆ ಓಡಿದಳು. ಆಮೇಲೆ ನಾನು ಈವೊನ್ ಕಡೆ ತಿರುಗಿ ಕರಿಯಮ್ಮನ ಮಾತನ್ನು ಹೇಳಿದೆ. ಆಕೆ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. ಕರಿಯಮ್ಮ ಹೋಗಿ ಪಕ್ಕದಲ್ಲೇ ನೆಲದ ಮೇಲೆ ಕೂತರು. ಆ ಹೊಳೆಯುವ ಕಾರಿಡಾರಿನಲ್ಲಿ, ಸುತ್ತ ಖಾಲಿ ಕುರ್ಚಿಗಳಿರುವಾಗ, ಇಬ್ಬರು ಮುದುಕಿಯರು ನೆಲದ ಮೇಲೆ ಕೂತಿದ್ದರು. ಓಡಾಡುವವರು ಸುತ್ತಿಕೊಂಡು ಹೋದರು.

ಈವೊನ್ ಬಿಟ್ಟು ಬಿಟ್ಟು ಹೇಳಿದ ಮಾತುಗಳನ್ನು ಜೋಡಿಸಿಕೊಂಡರೆ ಹೀಗಿತ್ತು. ಹೋದ ಬೇಸಿಗೆಯಲ್ಲಿ ಅವರ ನಾಯಿ ಅದೇ ಜಾಗದಲ್ಲಿ ಸತ್ತಿತ್ತು. ಕೇಳಿದವರಿಗೆಲ್ಲ ಮುಪ್ಪಿನಿಂದ ಸತ್ತಿತು ಎಂದಿದ್ದರು. ಪಕ್ಕದ ಊರಿನ ಒಬ್ಬ ರೈತ ಸೊಪ್ಪಿನ ಬಗ್ಗೆ ಬಾಯಿ ಬಿಟ್ಟದ್ದಕ್ಕೆ ಅವನ ಕೊಟ್ಟಿಗೆಯ ಬಾಗಿಲನ್ನು ಯಾರೋ ತೆಗೆದು ದನ ರಸ್ತೆಗೆ ಬಿಟ್ಟಿದ್ದರು. ಹೋಟೆಲಿನವರಿಗೆ ಪ್ರವಾಸಿಗಳು ಬರುವುದಿಲ್ಲವೆಂಬ ಭಯ, ಹಂದಿಯವರಿಗೆ ತಪ್ಪು ತಮ್ಮ ಮೇಲೆ ಬರುತ್ತದೆಂಬ ಭಯ. ದಾರಿಯಲ್ಲಿದ್ದ ಎಚ್ಚರಿಕೆಯ ಹಲಗೆಯನ್ನು ಯಾರೋ ಕಿತ್ತಿದ್ದರು, ಮತ್ತೆ ಯಾರೂ ನೆಡಲಿಲ್ಲ.

ನನಗೆ ಸಿಟ್ಟು ಬಂದದ್ದು ಆಗ. ನಮಗೂ ಹೇಳಲಿಲ್ಲವಲ್ಲ! ನಾರುತ್ತದೆ ಎಂದರು, ಕೊಲ್ಲುತ್ತದೆ ಎನ್ನಲಿಲ್ಲ. ಸಿಟ್ಟನ್ನು ಹೊರಗೆ ಹಾಕಲು ಆಗಲಿಲ್ಲ, ಒಳಗೆ ಆಕೆಯ ಮಗ ಮಲಗಿದ್ದ.

ಬೆಳಗಾದ ಮೇಲೆ ಈರಣ್ಣ ಕಣ್ಣು ತೆರೆದರು. ಶ್ವಾಸಕೋಶದಲ್ಲಿ ನೀರು ತುಂಬಬಹುದು, ಇನ್ನೂ ಕಾಯಬೇಕು ಎಂದು ವೈದ್ಯೆ ಎಚ್ಚರಿಸಿದ್ದಳು. ನಾವು ಕಾದೆವು. ಅವರ ಮೊದಲ ಮಾತು, "ಮರಿ?" ಕರಿಯಮ್ಮ ತಲೆಯಾಡಿಸಿದರು. ಈರಣ್ಣ ಮುಖ ಆಚೆ ತಿರುಗಿಸಿಕೊಂಡರು. ಮತ್ತೆ ಹೇಳಿದರು: "ಮೊದ್ಲು ಕೆಟ್ ವಾಸ್ನೆ ಬಂತು. ಬಗ್ಗಿದ ಕೂಡ್ಲೆ ವಾಸ್ನೆ ನಿಂತೋಯ್ತು. ಓ, ಸರಿಹೋಯ್ತು ಅನ್ಕಂಡೆ. ಆಮೇಲೆ ಕಾಲು ಎಲ್ಲಿ ಅವೆ ಅಂತ ಗೊತ್ತಾಗ್ಲಿಲ್ಲ."

ಆ ಗಾಳಿ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದಂತೆ. ವಾಸನೆ ನಿಂತಿತು ಎಂದು ಜನ ನಿರಾಳವಾಗುತ್ತಾರಂತೆ. ಇದನ್ನು ಹೇಳಿದ್ದು ವೈದ್ಯೆ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ.

ಅದೇ ಹೊತ್ತಿಗೆ ಪಕ್ಕದ ಹಾಸಿಗೆಯಲ್ಲಿದ್ದ ಲೋಯಿಕ್ ಮುಖವಾಡ ಸರಿಸಿ, ಹೇಳಿಕೆ ಬರೆದುಕೊಳ್ಳಲು ಬಂದಿದ್ದ ಪೊಲೀಸಿನವನಿಗೆ ಫ್ರೆಂಚಿನಲ್ಲಿ ಏನೋ ಹೇಳಿದ. ಆಮೇಲೆ ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ: "ಸೊಪ್ಪೇ ಕಾರಣ. ಆ ಹೊಳೆಯ ನೀರು ನನ್ನ ಹೊಲದಿಂದಲೂ ಇಳಿಯುತ್ತದೆ. ಬರೆದುಕೊಳ್ಳಿ." ಈವೊನ್ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ಮಗನ ಹಾಸಿಗೆಯ ಮೇಲೆ ಕೂತರು.

ಹೊಳೆಯ ದಾರಿ

ಆಸ್ಪತ್ರೆಯಿಂದ ಬಿಟ್ಟ ಮೇಲೆ ಪ್ರಯಾಣ ಮುಂದೂಡಿ ಇನ್ನಷ್ಟು ದಿನ ಅಲ್ಲೇ ಉಳಿದೆವು. ಕೊಲ್ಲಿಯ ದಾರಿಗೆ ಅಡ್ಡ ಕಟ್ಟಿದ್ದರು. ಬ್ರೆಡ್ಡಿನ ಅಂಗಡಿಗೆ ಈವೊನ್ ಜೊತೆ ಹೋದಾಗ ಒಳಗಿದ್ದವರ ಮಾತು ನಿಂತುಹೋಯಿತು. ಒಬ್ಬಳು ಮಾತ್ರ ಹೊರಗೆ ಬರುವಾಗ ಈವೊನ್ ಕೈ ಒತ್ತಿದಳು. ಪ್ರತಿ ಸಲ ಗಾಡಿಯ ಸದ್ದಾದಾಗಲೂ ನಾನು ಕಿಟಕಿಯತ್ತ ಹೋಗಿ ನೋಡುತ್ತಿದ್ದೆ, ಇವರ ಬಾಗಿಲನ್ನೂ ಯಾರಾದರೂ ತೆಗೆದುಬಿಟ್ಟಾರೆಂದು.

ಲೋಯಿಕ್ ನಮ್ಮನ್ನು ಹೊಳೆಯ ಗುಂಟ ಮೇಲಕ್ಕೆ ಕರೆದೊಯ್ದು ತೋರಿಸಿದ. ಹಂದಿಗಳ ಸಗಣಿ ಗಂಜಲವೆಲ್ಲ ಕಲಸಿದ ರಾಡಿಯನ್ನು ಟ್ಯಾಂಕರಿನಲ್ಲಿ ತಂದು ಮೆಕ್ಕೆಜೋಳದ ಹೊಲಕ್ಕೆ ಹೊಡೆಯುತ್ತಾರೆ. ಮೇಲೆ ಚೀಲದ ಗೊಬ್ಬರ ಬೇರೆ. ಬೆಳೆ ಉಂಡು ಮಿಕ್ಕ ಸಾರವನ್ನು ಮಳೆ ಹೊಳೆಗೆ ತಳ್ಳುತ್ತದೆ, ಹೊಳೆ ಕೊಲ್ಲಿಗೆ ತಳ್ಳುತ್ತದೆ. ಆಳವಿಲ್ಲದ, ಹೊರಗಿನ ಕಡಲಿನೊಂದಿಗೆ ಹೆಚ್ಚು ಕಲಸದ ಕೊಲ್ಲಿ. ಬಿಸಿಲು ಬಿದ್ದರೆ ಸೊಪ್ಪಿಗೆ ಹಬ್ಬ. ಊರುಗಳ ಚರಂಡಿ, ತರಕಾರಿ ತೋಟ, ಎಲ್ಲರ ಪಾಲೂ ಇದೆ. ಹೊಲಕ್ಕೆ ಶಕ್ತಿಯಾದದ್ದೇ ನೀರಿಗೆ ವಿಷ.

ಈರಣ್ಣ ಒಂದು ಕಲ್ಲಿನ ಮೇಲೆ ಕೂತು ದಮ್ಮು ತೆಗೆದುಕೊಳ್ಳುತ್ತ ಕೇಳಿದರು. "ನಾವು ಹೊಲದಾಗೆ ಕುರಿ ತರುಬ್ತೀವಲ್ಲ, ಒಂದೇ ಕಡೆ ಬಾಳ ರಾತ್ರಿ ನಿಲ್ಸಲ್ಲ, ಬೆಳೆ ಸುಟ್ಟೋಗ್ತೈತೆ. ಮುಂದಿನ ಹೊಲಕ್ಕೆ ಹೊಡ್ಕಂಡು ಹೋಗ್ತೀವಿ. ಈ ಹುಡ್ಗ ಹಂಗೆ ಮಾಡಕ್ಕಾಗಲ್ವ?" ಹೊಲದಲ್ಲಿ ರಾತ್ರಿ ಹಿಂಡು ಕೂಡಿ ಗೊಬ್ಬರ ಮಾಡಿಸುವ ನಮ್ಮ ಕಡೆಯ ಪದ್ಧತಿಯನ್ನು ನಾನು ವಿವರಿಸಿದೆ. ಲೋಯಿಕ್ ಮೊದಲ ಸಲ ನಕ್ಕ. "ನನ್ನವು ನಡೆಯುವುದಿಲ್ಲ. ಹುಟ್ಟಿದ ಕಟ್ಟಡದಿಂದ ಹೊರಗೆ ಬರುವುದೇ ಲಾರಿಯಲ್ಲಿ." ಆಮೇಲೆ ನಗು ನಿಲ್ಲಿಸಿ, "ಕಡಿಮೆ ಮಾಡಬೇಕು. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದ.

ಹಿಂದಿರುಗುವಾಗ ಈರಣ್ಣ ನನ್ನನ್ನು ಕೇಳಿದರು. "ನಮ್ ಕೆರೆ ಕೋಡಿ ಬಿದ್ ನೀರು ಎಲ್ಲಿಗೆ ಹೋಗ್ತೈತ್ರಿ ಕೊನೆಗೆ?"

ಹಳ್ಳ ಹಿಡಿದು ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಎಂದೆ. ಹೇಳುತ್ತ ಹೇಳುತ್ತ ಮೆಕ್ಕೆಜೋಳದ ಸಾಲುಗಳಿಗೆ ಯೂರಿಯಾ ಎರಚುವ ಕೈಗಳು, ದುರ್ಗದ ನಮ್ಮ ಬೀದಿಯ ಚರಂಡಿ, ನಾನೇ ಬಚ್ಚಲಿಗೆ ಸುರಿಯುವ ಸೋಪಿನ ನೀರು ಕಣ್ಣ ಮುಂದೆ ಬಂದವು. ಸಮುದ್ರವಿಲ್ಲದ ಜಿಲ್ಲೆಯವರು ನಾವು, ನಮಗೇನು ಎಂದುಕೊಂಡು ಬದುಕಿದ್ದೆ.

ಹೊರಡುವ ಬೆಳಿಗ್ಗೆ ಈವೊನ್ ನಮ್ಮ ಮೂವರ ಕೆನ್ನೆಗೂ ಕೆನ್ನೆ ತಾಗಿಸಿದರು. ಈರಣ್ಣ ಹಿಂದೆ ಸರಿಯಲಿಲ್ಲ.

ತಾಳ್ಯ

ಊರಿಗೆ ಬಂದ ಮೇಲೆ ಎಲ್ಲ ಮುಗಿಯಿತೆಂದು ನಾನು ಉಸಿರು ಬಿಟ್ಟಿದ್ದೆ. ಸ್ವಲ್ಪ ದಿನ ಕಳೆದು ಕರಿಯಮ್ಮ ಫೋನು ಮಾಡಿ, "ಒಂದ್ಸಲ ಬಂದೋಗ್ರಿ," ಎಂದರು. ಹೋದೆ.

ದೊಡ್ಡಿಯಲ್ಲಿ ಕುರಿಯೊಂದು ಈದಿತ್ತು. ಪಕ್ಕದಲ್ಲಿ ತಬ್ಬಲಿ ಮರಿ ಬೇರೆ. ಯಾವುದು ಯಾರ ಮರಿ ಎಂದು ತಿಳಿಯಲು ಈರಣ್ಣ ಮರಿಯನ್ನು ಎತ್ತಿ ಮೂಗಿನ ಹತ್ತಿರ ತಂದರು. ಸುಮ್ಮನೆ ಹಿಡಿದುಕೊಂಡೇ ಇದ್ದರು. ಆಮೇಲೆ ಹೆಂಡತಿಯ ಕೈಗೆ ಕೊಟ್ಟರು. ಆಕೆ ಮೂಸಿ, ಮರಿಯನ್ನು ತಾಯಿಯ ಬಳಿ ಬಿಟ್ಟರು.

"ಅವತ್ತಿಂದ ಏನೂ ವಾಸ್ನೆ ಬರಲ್ಲ," ಎಂದರು ಈರಣ್ಣ. "ಅಲ್ಲೇ ಗೊತ್ತಾಗಿತ್ತು. ಹೇಳಿದ್ರೆ ಮತ್ತೆ ಆಸ್ಪತ್ರೇಲಿ ಮಲಗಿಸ್ತಾರೆ ಅಂತ ಬಾಯಿ ಬಿಡ್ಲಿಲ್ಲ."

ಹಾಲು ಹುಳಿಯಾದದ್ದು, ಕುರಿಯ ಗೊರಸು ಕೊಳೆಯತೊಡಗಿದ್ದು, ಮೇವಿಗೆ ಬೂಷ್ಟು ಹಿಡಿದದ್ದು, ಯಾವುದೂ ತಿಳಿಯುತ್ತಿರಲಿಲ್ಲ. ನಾನು ಅವರನ್ನು ದುರ್ಗದ ವೈದ್ಯರ ಬಳಿಗೂ, ಆಮೇಲೆ ದಾವಣಗೆರೆಗೂ ಕರೆದೊಯ್ದೆ. ಬರಬಹುದು, ಬರದಿರಬಹುದು, ಕಾಯಬೇಕು ಎಂದರು. ಆ ತಿಂಗಳುಗಳಲ್ಲಿ ಕರಿಯಮ್ಮನೇ ಅವರ ಮೂಗಾಗಿದ್ದರು.

ಒಂದು ಸಲ ನಾನಿದ್ದಾಗಲೇ ಕೆರೆಯಂಚಿನ ಜಮೀನಿನವನೊಬ್ಬ ಬಂದು, ನಮ್ಮ ಹೊಲದಲ್ಲಿ ಹಿಂಡು ತರುಬು ಈರಣ್ಣ ಎಂದು ಕರೆದ. "ಏನಪ್ಪ, ಈಗ ಮಳೆ ಮುಂದೆ ಐತೆ. ಕೆರೆ ಕಡೇದು ಬ್ಯಾಡ, ನಿನ್ನ ಮೇಲಿನ ಹೊಲಕ್ಕೆ ತರುಬ್ತೀನಿ," ಎಂದರು ಈರಣ್ಣ. ಫಾರಿನ್‌ಗೆ ಹೋಗಿ ಬಂದವನ ದೌಲತ್ತು ನೋಡು ಎಂದು ಆತ ನಗುತ್ತ ಬೇರೆಯವರ ಹಿಂಡು ಹುಡುಕಿಕೊಂಡು ಹೋದ.

ಲೋಯಿಕ್ ಆಗಾಗ ಫೋನು ಮಾಡುತ್ತಾನೆ. ಹಂದಿಗಳನ್ನು ಸ್ವಲ್ಪ ಕಡಿಮೆ ಮಾಡಿದ್ದಾನಂತೆ, ಹೊಳೆಯ ದಡಕ್ಕೆ ಅಗಲವಾಗಿ ಹುಲ್ಲು ಬಿಟ್ಟಿದ್ದಾನಂತೆ. ಅಕ್ಕಪಕ್ಕದವರಲ್ಲಿ ಕೆಲವರು ಮಾತಾಡುತ್ತಾರೆ, ಕೆಲವರು ಇಲ್ಲ. ಮುಂದಿನ ಬೇಸಿಗೆಯಲ್ಲೂ ಸೊಪ್ಪು ಬಂದೇ ಬಂತು.

ನಾವು ಹಿಂದಿರುಗಿದ ಮರುವರ್ಷ, ಮುಂಗಾರು ಹಿಡಿದ ಮೊದಲ ವಾರ. ಮಧ್ಯಾಹ್ನ ಜೋರು ಮಳೆ. ಫೋನು ಬಂತು. ಕರಿಯಮ್ಮ. ಆ ಕಡೆ ಯಾರೋ ಕೂಗಾಡುತ್ತಿದ್ದರು.

"ಏನಾಯ್ತು ಕರಿಯಮ್ಮ? ಈರಣ್ಣನಿಗೆ ಏನಾಯ್ತು?"

"ಏನಿಲ್ರಿ ಮೇಡಮ್ಮೋರೆ. ಹಿಂಡು ಹೊಡ್ಕಂಡು ನೆನ್ಕಂಡು ಬಂದ. ಕಂಬಳಿ ಬಿಚ್ಚಿ ಮೊಳೆಗೆ ಹಾಕ್ತಾ ಇದ್ದೋನು ಹಂಗೇ ನಿಂತ್ಬಿಟ್ಟ. ಅದನ್ನೇ ಮುಖಕ್ಕೆ ಒತ್ಕಂಡು, ಗಬ್ಬು ನಾತ ಕಣೇ, ಗಬ್ಬು ನಾತ ಅಂತ ಮನೆ ತುಂಬ ಕುಣೀತಾ ಅವ್ನೆ. ಕೇಳ್ರಿ, ನೀವೇ ಕೇಳ್ರಿ."

ಆಕೆ ಫೋನನ್ನು ಗಂಡನ ಕಡೆ ಹಿಡಿದರು. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿನ ನಡುವೆ ಈರಣ್ಣ ಅಳುತ್ತಿದ್ದರೋ ನಗುತ್ತಿದ್ದರೋ, ನನಗೆ ತಿಳಿಯಲಿಲ್ಲ.